ನನ್ನ ಮದುವೆಯ ಬಿಡುವಿನ ಪೀರಿಯಡ್

ಮೊನ್ನೆ ನಮ್ಮ ಮದುವೆಯ ಫೋಟೋದ ಗಾಜು ಒಡೆಯಿತು. ಒಡೆದವರು ಇವರು. ಇವರು ಅಂದರೆ ನನ್ನ ಯಜಮಾನರು. ಗಂಡನ ಹೆಸರು ಹೇಳುವ ರೂಢಿ ನನಗೆ ಮೊದಲಿನಿಂದಲೂ ಇಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವ ಉತ್ಸಾಹವೂ ಇಲ್ಲ. ಗೋಡೆಯ ಮೇಲಿನ ಹಲ್ಲಿಯನ್ನು ಕಸಬರಿಗೆಯಿಂದ ಓಡಿಸಲು ಹೋಗಿ, ಹಲ್ಲಿಯನ್ನು ಬಿಟ್ಟು ಫೋಟೋಕ್ಕೆ ಹೊಡೆದರು. "ಹಲ್ಲಿ ಹೋತು ನೋಡು" ಅಂತ ಹೆಮ್ಮೆಯಿಂದ ಬೇರೆ ಹೇಳಿದರು. ಹಲ್ಲಿ ಹೋಗಿದ್ದು ನಿಜ. ಫೋಟೋದ ಹಿಂದಿನಿಂದ ಟ್ಯೂಬ್‌ಲೈಟಿನ ಹಿಂದಕ್ಕೆ ಹೋಗಿತ್ತು.

ಚೌಕಟ್ಟನ್ನು ನೆಲದ ಮೇಲೆ ಬೋರಲು ಹಾಕಿ, ಹಿಂದಿನ ಸಣ್ಣ ಮೊಳೆಗಳನ್ನು ಇಕ್ಕಳದಿಂದ ಕಿತ್ತೆ. ಫೋಟೋಕ್ಕೆ ಆಸರೆಯಾಗಿ ಒಂದು ದಪ್ಪ ರಟ್ಟು ಇತ್ತು. ಹೊರಳಿಸಿದರೆ ಅಪ್ಪನ ಅಕ್ಷರ! ರೂಳುದೊಣ್ಣೆ ಇಟ್ಟು ಎಳೆದ ನೀಲಿ ಗೆರೆಗಳು. ನಾಲ್ಕು ಕಾಲಂ: ವೇಳೆ, ಕೆಲಸ, ಜವಾಬ್ದಾರಿ, ತಡ. ಮೇಲೆ ದುಂಡಗೆ 'ಚಿ. ಸೌ. ಶಾಂತಾಳ ವಿವಾಹದ ವೇಳಾಪತ್ರಿಕೆ' ಅಂತ ತಲೆಬರಹ. ಆ ಶಾಂತಾ ನಾನೇ. ಅಪ್ಪ ಯಾವ ವಸ್ತುವನ್ನೂ ಬಿಸಾಡಿದವನಲ್ಲ. ಮದುವೆ ಮುಗಿದ ಮೇಲೆ ಅದರ ವೇಳಾಪತ್ರಿಕೆಯನ್ನು ಮದುವೆಯ ಫೋಟೋಕ್ಕೇ ಬೆನ್ನಾಗಿ ಕೊಟ್ಟಿದ್ದಾನೆ. ನಲವತ್ತು ವರ್ಷಕ್ಕೂ ಮಿಕ್ಕಿ ನಾವಿಬ್ಬರೂ ಮುಂದೆ ನಿಂತು ಪಿಳಿಪಿಳಿ ಕಣ್ಣು ಬಿಟ್ಟಿದ್ದೇವೆ, ಹಿಂದೆ ಅಪ್ಪ ವೇಳೆ ನೋಡುತ್ತ ನಿಂತಿದ್ದಾನೆ. ಇದು ನಮಗೆ ಗೊತ್ತೇ ಇರಲಿಲ್ಲ.

ರಟ್ಟು ಬಾಗದಿರಲಿ ಅಂತ ಫ್ರೇಮಿನ ಅಂಗಡಿಯವನು ನಡುವೆ ಅಡ್ಡಲಾಗಿ ಒಂದು ಕಂದು ಕಾಗದದ ಪಟ್ಟಿ ಅಂಟಿಸಿದ್ದ. ಅದರ ಕೆಳಗೆ ಒಂದು ಸಾಲು ಮುಚ್ಚಿಹೋಗಿತ್ತು. ಅದು ಯಾವ ಸಾಲು ಅಂತ ಮೇಲಿನ ಮತ್ತು ಕೆಳಗಿನ ವೇಳೆ ನೋಡಿದ ಕೂಡಲೇ ನನಗೆ ತಿಳಿಯಿತು. ಪಟ್ಟಿಗೆ ಹದವಾಗಿ ನೀರು ಸವರಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ. ಅದು ನೆನೆಯುವ ತನಕ ಹೇಳುತ್ತೇನೆ, ಕೇಳಿ.

ಅಪ್ಪ ಕಮತಗಿಯಲ್ಲಿ ಹೆಡ್ ಮಾಸ್ತರ್. ಸಾಲೆಯಲ್ಲಿ ಮಾಸ್ತರ್ ಆಗಿ, ಮನೆಗೆ ಬಂದು ಅಪ್ಪ ಆಗುವ ಜನ ಇರುತ್ತಾರೆ. ನಮ್ಮಪ್ಪನಿಗೆ ಆ ಬದಲಾವಣೆಗೆ ಪುರಸೊತ್ತು ಸಿಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುತ್ತಿರಲಿಲ್ಲ, ತಟ್ಟೆಗೆ ಚಮಚದಿಂದ ಬಾರಿಸುತ್ತಿದ್ದರು. ಮೊದಲ ಗಂಟೆಗೆ ಕೈಕಾಲು ತೊಳೆಯಬೇಕು, ಎರಡನೆಯದಕ್ಕೆ ಮಣೆಯ ಮೇಲೆ ಇರಬೇಕು. ಐತವಾರ ಬೆಳಿಗ್ಗೆ ಏಳೂ ಹತ್ತಕ್ಕೆ ತಲೆಗೆ ಎಣ್ಣೆ. ಒಮ್ಮೆ ನನ್ನ ತಮ್ಮನಿಗೆ ಹೊಟ್ಟೆ ನೋವು ಬಂದು ಒದ್ದಾಡುವಾಗ, "ಈಗ ಓದೂ ವ್ಯಾಳ್ಯಾ. ಆಟದ ಪೀರಿಯಡಿನಾಗ ಯಾಕ ಬರಲಿಲ್ಲ ಇದು?" ಅಂತ ಅಪ್ಪ ಗಂಭೀರವಾಗಿ ವಿಚಾರಿಸಿದ್ದ. ತಮ್ಮನ ಹೊಟ್ಟೆ ನೋವು ಆಮೇಲೆ ನಿಂತೇ ಹೋಯಿತು.

ಇಂಥವನ ಮಗಳ ಮದುವೆ. ಎಂಬತ್ತನೇ ಇಸವಿ ಇನ್ನೂ ಬಂದಿರಲಿಲ್ಲ. ದೀಪಾವಳಿಯಲ್ಲಿ ಬಾದಾಮಿಯ ಕಡೆಯ ಸಂಬಂಧ ನಿಶ್ಚಯವಾಯಿತು, ವೈಶಾಖದಲ್ಲಿ ಮದುವೆ ಅಂತ ಮಾತಾಯಿತು. ನಡುವೆ ಆರೇಳು ತಿಂಗಳು. ಊರ ಮಂದಿ ಆದರೆ ಯುಗಾದಿಗೆ ಎದ್ದು ಕೂತು, ಹಂದರಕ್ಕೆ ಕಂಬ ಎಲ್ಲಿ ಅಂತ ಕೇಳುತ್ತಿದ್ದರು. ಅಪ್ಪ ನಿಶ್ಚಯದ ಊಟ ಮಾಡಿ ಕೈ ಒರೆಸಿಕೊಂಡವನೇ ರಟ್ಟು ಹಿಡಿದು ಕೂತ.

"ಮುನ್ನೂರ ಹುಡುಗರ ಸಾಲಿ ನಡಸ್ತೇನಿ. ಮುನ್ನೂರ ಮಂದಿ ಮದುವಿ ನಡಸಾಕ ಆಗೂದಿಲ್ಲೇನು?" ಅಂದ.

ಅವ್ವ ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು. ತಲೆ ಎತ್ತದೇ, "ಹುಡುಗರಿಗೆ ಛಡಿ ತೋರಸ್ತೀರಿ. ಬೀಗರಿಗೆ ಏನ್ ತೋರಸ್ತೀರಿ?" ಅಂದಳು.

ಬೀಗರಿಗೆ ತೋರಿಸಲು ಅಪ್ಪನ ಬಳಿ ರಟ್ಟು ಇತ್ತು. ಆ ಮೊದಲ ರಟ್ಟಿನಲ್ಲಿ ತಿಂಗಳವಾರು ಕೆಲಸಗಳು. ಮಾರ್ಗಶಿರದಲ್ಲಿ ಸೀರೆ, ಪುಷ್ಯದಲ್ಲಿ ಗುಳೇದಗುಡ್ಡದ ಕುಪ್ಪಸದ ಖಣ, ಮಾಘದಲ್ಲಿ ಶಾವಿಗೆ. ಶಾವಿಗೆ ಬೇಸಿಗೆಯ ಬಿಸಿಲಿನ ಕೆಲಸ ಅಂತ ಅವ್ವ ಬಾಯಿ ನೋಯುವಷ್ಟು ಹೇಳಿದಳು. ಅಪ್ಪ ಕೇಳಲಿಲ್ಲ, ಬೇಸಿಗೆಯಲ್ಲಿ ಎಲ್ಲರೂ ಮಾಡುತ್ತಾರೆ, ಗದ್ದಲ ಆಗುತ್ತದೆ ಅಂದ. ಓಣಿಯ ಹೆಂಗಸರು ಥಂಡಿಯಲ್ಲಿ ಶಾಲು ಹೊದ್ದು ನಮ್ಮ ಜಗುಲಿಯ ಮೇಲೆ ಶಾವಿಗೆ ಹೊಸೆದರು, ನಗುತ್ತ ಮನೆಗೆ ಹೋದರು. ಯುಗಾದಿಯ ಹೊತ್ತಿಗೆ ಡಬ್ಬಿ ತೆಗೆದು ನೋಡಿದರೆ ಶಾವಿಗೆಗಿಂತ ನುಸಿಯೇ ಹೆಚ್ಚು. ಅವ್ವ ಡಬ್ಬಿಯನ್ನು ತಂದು ಅಪ್ಪನ ರಟ್ಟಿನ ಮುಂದೆ ಇಟ್ಟು ಹೋದಳು. ಮತ್ತೆ ಬಿಸಿಲಲ್ಲೇ ಶಾವಿಗೆ ಆಯಿತು, ಓಣಿಯವರ ಜೊತೆಗೇ, ಗದ್ದಲದಲ್ಲೇ.

ಸೀರೆಯ ಕಥೆ ಬೇರೆ. ಅಪ್ಪ ನನ್ನನ್ನೂ ಕರೆದುಕೊಂಡು ಇಳಕಲ್ಲಿಗೆ ಹೋದ. ನೇಕಾರರ ಮನೆಯಲ್ಲಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಹಿರಿಯರೊಬ್ಬರು ಕುಂಕುಮದ ಬಣ್ಣದ ನೂಲು ತೋರಿಸಿದರು. ಅಪ್ಪ ಪಾಕೀಟು ಡೈರಿ ತೆಗೆದ.

"ಯಾವತ್ತು ಮುಗೀತದ್ರಿ?"

"ಮಾಸ್ತರ, ಒಡಲಿನ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ. ಒಂದೊಂದ ಎಳಿಗೆ ಕೊಂಡಿ ಹಾಕಿ ಕೂಡಸಬೇಕು. ಅದಕ್ಕ ಅವಸರ ಮಾಡಿದ್ರ ಸೆರಗು ಹರದು ಕೈಯಾಗ ಬರತೈತಿ."

"ಅದು ಖರೆ. ತಾರೀಖು ಹೇಳ್ರಿ."

ಹಿರಿಯರು ನನ್ನ ಕಡೆ ನೋಡಿ, "ಯವ್ವಾ, ನಿಮ್ಮಪ್ಪಗ ಒಂದ್ ಚಾ ಕೊಡಸ್ಲಿ?" ಅಂದರು.

ಪಾಪ, ಅಪ್ಪನ ಕಾಟ ತಡೆಯಲಾರದೆ ಅವರು ಮಾಘದಲ್ಲೇ ನೇಯ್ದು ಕೊಟ್ಟರು. ಮೂರು ತಿಂಗಳು ಆ ಸೀರೆ ಟ್ರಂಕಿನಲ್ಲಿ ಡಾಂಬರ ಗುಳಿಗೆಗಳ ಜೊತೆ ಸಂಸಾರ ಮಾಡಿತು. ಮುಹೂರ್ತದಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೆ ನಾನು ಅದನ್ನು ಉಟ್ಟು ಬಂದಾಗ ನಮ್ಮ ಅತ್ತೆಯ ತಂಗಿ ಸತತ ಏಳು ಸಲ ಸೀನಿದರು. ಹೊಸ ಸೊಸೆಯ ವಾಸನೆ ಅಂದರೆ ಅವರಿಗೆ ಇವತ್ತಿಗೂ ಡಾಂಬರ ಗುಳಿಗೆ.

ನಾನು ಆಗ ಬಾಗಲಕೋಟೆಯಲ್ಲಿ ಟಿ.ಸಿ.ಎಚ್. ಓದುತ್ತಿದ್ದೆ. ಪ್ರಾಥಮಿಕ ಸಾಲೆಯ ಮಾಸ್ತರಿಕೆಗೆ ಬೇಕಾದ ತರಬೇತಿ. ನಮ್ಮ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ಅಲ್ಲಿಯವರೆಗೆ ಹೋಗಿದ್ದು ಅದೇ ಮೊದಲು. ಸಂಬಳಕ್ಕಿಂತ ನನಗೆ ಆ ಬೋರ್ಡು, ಆ ಸುಣ್ಣದ ಕಡ್ಡಿ, ಹೆಣ್ಣು ಮಾಸ್ತರಿಗೆ 'ಬಾಯಾರ' ಅಂತ ಹುಡುಗರು ಕರೆಯುವುದು, ಇವು ಬೇಕಾಗಿದ್ದವು. ಭಾಳ ಬೇಕಾಗಿದ್ದವು. ಪರೀಕ್ಷೆ ಮದುವೆಗೆ ಹತ್ತು ದಿನ ಮುಂಚೆಯೇ ಮುಗಿಯುತ್ತದೆ ಅಂತ ಅಪ್ಪ ಲೆಕ್ಕ ಹಾಕಿ, ಬೀಗರಿಗೆ ಕಾಗದದಲ್ಲಿ ಬರೆದೂ ಕೊಟ್ಟಿದ್ದ. ಹೋದ ವರ್ಷ ಹಾಗೆ ಮುಗಿದಿತ್ತು, ಅದರ ಹಿಂದಿನ ವರ್ಷವೂ ಮುಗಿದಿತ್ತು. ಅದನ್ನು ನೋಡಿಕೊಂಡೇ ಮುಹೂರ್ತ ಇಡಿಸಿದ. ಮಧ್ಯಾಹ್ನ ಹನ್ನೆರಡೂ ಮೂವತ್ತೈದಕ್ಕೆ ಅಕ್ಕಿಕಾಳು. ಲಗ್ನಪತ್ರಿಕೆಗಳು ಮೂರು ತಿಂಗಳು ಮೊದಲೇ ಅಚ್ಚಾಗಿ ಬಂದವು. ಪ್ರೆಸ್ಸಿನವನು, "ಇಷ್ಟ್ ಲಗೂ ಯಾರೂ ಹಾಕ್ಸೂದಿಲ್ರಿ ಮಾಸ್ತರ" ಅಂದಿದ್ದನ್ನು ಅಪ್ಪ ಪ್ರಶಸ್ತಿ ಬಂದವನ ಹಾಗೆ ಬಂದವರಿಗೆಲ್ಲ ಹೇಳಿದ.

ಮದುವೆಗೆ ಮೂರು ವಾರ ಇದ್ದಾಗ ಪರೀಕ್ಷೆಯ ವೇಳಾಪತ್ರಿಕೆ ಬಂತು. ಆ ವರ್ಷ ಎಲ್ಲ ಮುಂದಕ್ಕೆ ಹೋಗಿತ್ತು. ಕಡೆಯ ಪತ್ರಿಕೆ 'ಶಾಲಾ ವ್ಯವಸ್ಥೆ', ಬಾಗಲಕೋಟೆಯಲ್ಲಿ, ಬೆಳಿಗ್ಗೆ ಹತ್ತರಿಂದ ಒಂದು. ದಿನ ನನ್ನ ಮದುವೆಯ ದಿನವೇ.

ಅಪ್ಪ ಆ ಕಾಗದವನ್ನು ಮೂರು ಸಲ ಓದಿದ. ಕನ್ನಡಕ ಒರೆಸಿ ನಾಲ್ಕನೆಯ ಸಲ ಓದಿದ. ಆಮೇಲೆ ಗೋಡೆಯ ಮೇಲಿನ ರಟ್ಟಿನ ಕಡೆ, ಮನೆತನಕ್ಕೇ ದ್ರೋಹ ಬಗೆದ ಮನುಷ್ಯನನ್ನು ನೋಡುವಂತೆ ನೋಡಿದ.

ಮನೆಯಲ್ಲಿ ಪಂಚಾಯಿತಿ ಕೂತಿತು. ಅಪ್ಪನ ತಾಯಿ, ನಮ್ಮ ಆಯಿ, ಮೊದಲು ತೀರ್ಪು ಕೊಟ್ಟಳು: "ಪರೀಕ್ಷಾ ವರ್ಷಾ ಬರತಾವು. ಮದುವಿ ಬರತೈತೇನು? ಬಿಟ್ಟುಬಿಡ್ಲಿ." ಅವ್ವನೂ ಸುಮ್ಮನೆ ತಲೆ ಆಡಿಸಿದಳು. ಒಂದು ಪತ್ರಿಕೆ ಬಿಟ್ಟರೆ ಒಂದು ವರ್ಷ ಹೋಯಿತು. ಆ ವರ್ಷದಲ್ಲಿ ಗಂಡನ ಮನೆ, ಒಲೆ, ಬಂದು ಹೋಗುವವರು. ಮತ್ತೆ ಯಾರು ಪರೀಕ್ಷೆಗೆ ಕಳಿಸುತ್ತಾರೆ? ಆ ವರ್ಷ ಯಾವತ್ತೂ ತಿರುಗಿ ಬರುವುದಿಲ್ಲ ಅಂತ ನನಗೆ ಖಾತ್ರಿ ಗೊತ್ತಿತ್ತು. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಅತ್ತೆ, ಸದ್ದು ಬರದ ಹಾಗೆ. ಆದರೆ ಮೂಗು ಏರಿಸಿದ್ದು ಕೇಳಿಸಿರಬೇಕು.

ಅಪ್ಪ ಎದ್ದು ನಿಂತ. "ತಪ್ಪು ವೇಳಾಪತ್ರಿಕಿದು. ಹುಡುಗರದಲ್ಲ," ಅಂದ. ಟೊಪ್ಪಿಗೆ ಹಾಕಿಕೊಂಡು, ಮುಹೂರ್ತ ಇಟ್ಟುಕೊಟ್ಟಿದ್ದ ಮಠದ ಅಯ್ನೋರ ಕಡೆ ಹೊರಟ.

ದಿನ ಬದಲಿಸುವಂತಿರಲಿಲ್ಲ. ಅಡುಗೆಯವರು, ಬ್ಯಾಂಡಿನವರು, ಊರಿನ ಮಂದಿ ಎಲ್ಲ ಅಪ್ಪನ ಅವಸರಕ್ಕೆ ಬಿದ್ದು ಆ ದಿನಕ್ಕೇ ಗಟ್ಟಿಯಾಗಿದ್ದರು. ಆದರೆ ಹೊತ್ತು ಬದಲಿಸಬಹುದಿತ್ತು. ದನ ಮನೆಗೆ ಮರಳುವ ಸಂಜೆಯ ಗೋಧೂಳಿ ಮುಹೂರ್ತಕ್ಕೆ ಪಂಚಾಂಗದ ಕಿರಿಕಿರಿ ಇಲ್ಲ. ಕಷ್ಟ ಏನೆಂದರೆ ಬೀಗರಿಗೆ ಏನು ಹೇಳುವುದು? ನಮ್ಮ ಲೆಕ್ಕ ತಪ್ಪಿತು ಅಂತಲೇ? ಅತ್ತೆಯಾಗುವವರು ಬೇರೆ, "ನೌಕರಿ ಮಾತು ಆಮ್ಯಾಲ ನೋಡೂಣು" ಅಂದಿದ್ದರು. ಮದುವೆಯ ದಿನ ಮದುಮಗಳು ಪರೀಕ್ಷೆಗೆ ಹೋಗುತ್ತಾಳೆ ಅಂದರೆ ಸಂಬಂಧಕ್ಕೇ ಕುತ್ತು ಬಂದೀತು ಅಂತ ಅಪ್ಪನಿಗೆ ಹೆದರಿಕೆ.

ಅಯ್ನೋರು ಎಲ್ಲ ಕೇಳಿ, ವಿಭೂತಿ ಬಳಿದ ಹಣೆ ತುರಿಸಿಕೊಂಡು, "ಮಧ್ಯಾಹ್ನದ ಹೊತ್ತಿನಾಗ ಒಂದ್ ಸಣ್ಣ ದೋಷ ಐತಿ ಅಂತ ನಾನ ಹೇಳತೇನಿ. ಬೀಗರು ಒಪ್ಪತಾರ. ಚಿಂತಿ ಮಾಡಬ್ಯಾಡ್ರಿ," ಅಂದರಂತೆ.

"ಹೆಂಗ ಹೇಳ್ತೀರಿ, ಒಪ್ಪತಾರಂತ?"

"ಒಪ್ಪತಾರ," ಅಂದವರು ನಕ್ಕುಬಿಟ್ಟರಂತೆ.

ನಾಲ್ಕೇ ದಿನದಲ್ಲಿ ಬಾದಾಮಿಯಿಂದ ಪತ್ರ ಬಂತು. ಗೋಧೂಳಿಗೆ ತಮ್ಮ ಸಂಪೂರ್ಣ ಒಪ್ಪಿಗೆ ಇದೆ, ಬಹಳ ಸಂತೋಷ. ಅಪ್ಪನಿಗೆ ನೆಮ್ಮದಿಯ ಬದಲು ಸಂಶಯ ಹತ್ತಿತು. "ಬೀಗರಾದವರು ಇಷ್ಟ್ ಲಗೂ ಒಪ್ಪೂದಿಲ್ಲ. ಏನೋ ಐತಿ," ಅಂತ ಮೂರು ದಿನ ಹಿತ್ತಲಲ್ಲಿ ಅಡ್ಡಾಡಿದ.

ಇನ್ನು ಪತ್ರಿಕೆಗಳು. ಹಂಚದೇ ಉಳಿದವು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಮಧ್ಯಾಹ್ನದ ವೇಳೆ ಹೊಡೆದುಹಾಕಿ 'ಗೋಧೂಳಿ' ಅಂತ ತಿದ್ದುವ ಕೆಲಸ ನನಗೇ ಬಂತು. ನನ್ನ ಮದುವೆಯ ಪತ್ರಿಕೆಯನ್ನು ನಾನೇ ಕೆಂಪು ಶಾಯಿಯಲ್ಲಿ ತಿದ್ದುತ್ತ ಕೂತೆ. ಮಾಸ್ತರಿಕೆಯ ಮೊದಲ ಅನುಭವ ಅದೇ. ಮಧ್ಯೆ ಎರಡು ಮುದ್ರಣದ ತಪ್ಪು ಸಿಕ್ಕವು, ಅವನ್ನೂ ತಿದ್ದಿದೆ. ಒಂದು ಪತ್ರಿಕೆಗೆ ಮೈಮರೆತು ಕೆಳಗೆ ಸಹಿ ಹಾಕಿದ್ದೆನಂತೆ. ಹುನಗುಂದದ ಮಾಮಾ ಅದನ್ನು ಬಹಳ ವರ್ಷ ಕಾದಿಟ್ಟು ಬಂದವರಿಗೆ ತೋರಿಸುತ್ತಿದ್ದ.

ಅಪ್ಪ ಹೊಸ ರಟ್ಟು ಬರೆದ. ಅದೇ ಈಗ ನನ್ನ ಮುಂದೆ ಇರುವುದು. ಬೆಳಿಗ್ಗೆ ಆರಕ್ಕೆ ಸುರಗಿ, ಅಂದರೆ ಅರಿಷಿಣ ಹಚ್ಚಿ ನೀರು ಹಾಕುವುದು; ಏಳಕ್ಕೆ ನಾಷ್ಟಾ. ಏಳೂವರೆಯಿಂದ ಎರಡರವರೆಗಿನ ಸಾಲಿಗೆ ಬಂದಾಗ ಅವನ ಪೆನ್ನು ನಿಂತಿತು. ಪರೀಕ್ಷೆ ಅಂತ ಬರೆಯುವಂತಿಲ್ಲ, ಸುಳ್ಳು ಬರೆಯಲು ಕೈ ಬರುತ್ತಿಲ್ಲ. ಕೊನೆಗೆ 'ಮದುಮಗಳ ಬಿಡುವು' ಅಂತ ಬರೆದ. ಆರೂವರೆ ತಾಸಿನ ಬಿಡುವು!

ಹಿಂದಿನ ದಿನ ಸಂಜೆ ಬೀಗರು ಬಂದಿಳಿದರು. ಬೇಸಿಗೆ ರಜೆಯಾದ್ದರಿಂದ ಅವರಿಗೆ ಅಪ್ಪನ ಸಾಲೆಯಲ್ಲೇ ಬಿಡದಿ. ಹೊರಗೆ ಬೇವಿನ ಗಿಡಕ್ಕೆ ರೈಲು ಕಂಬಿಯ ತುಂಡು ತೂಗುಹಾಕಿತ್ತು, ಅದೇ ಸಾಲೆಯ ಗಂಟೆ. ರಟ್ಟನ್ನೂ ಅಲ್ಲೇ ಗೋಡೆಗೆ ಹೊಡೆದಿದ್ದ. ಮಾವನವರು ಬೆರಳಿಟ್ಟು ಓದುತ್ತ ಹೋಗಿ ಆ ಸಾಲಿಗೆ ನಿಂತರು.

"ಬೀಗರ, ಇದು ಭಾಳ ಚಲೋ ಮಾಡೀರಿ," ಅಂದರು ಮಾವನವರು. "ಹಿಂದಕ್ಕ ಮದುಮಕ್ಕಳಿಗೆ ನಿದ್ದಿನ ಇರತಿರ್ಲಿಲ್ಲ. ನಮ್ಮ ಹುಡುಗಗೂ ಬಿಡುವು ಇರ್ಲಿ. ಖೋಲಿ ಬಾಗ್ಲಾ ಹಾಕ್ಕೊಂಡು ಮಲಗ್ತಾನ. ಯಾರೂ ಎಬ್ಬಸೂದು ಬ್ಯಾಡ."

ಅಪ್ಪ ಬಾಯಿ ತೆರೆದು ನಿಂತ. ನಂತರ ಪೆನ್ನು ತೆಗೆದು 'ಮದುಮಗಳ' ಅನ್ನುವುದನ್ನು 'ಮದುಮಕ್ಕಳ' ಅಂತ ಮಾಡಿದ. ಒಂದು ಅಕ್ಷರದ ತಿದ್ದುಪಡಿ.

ಮರುದಿನ ಸುರಗಿ ಆಯಿತು. ಅರಿಷಿಣ ಹಚ್ಚಿದ ಮದುಮಗಳು ಊರ ಗಡಿ ದಾಟಬಾರದು ಅಂತ ಆಯಿ ಬಾಗಿಲಿಗೆ ಅಡ್ಡ ಕೂತಳು. ಅಪ್ಪ ಕೈ ಮುಗಿದ, ನಾನು ಕಾಲು ಹಿಡಿದೆ. ಕೊನೆಗೆ ಅಡಕೆ ಕತ್ತರಿಸುವ ಕಬ್ಬಿಣದ ಅಡಕೊತ್ತನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ, "ಕಬ್ಬಣ ಮೈಮ್ಯಾಲಿದ್ರ ಯಾವ ಗಾಳಿನೂ ಸೋಂಕೂದಿಲ್ಲ. ಇದನ್ನ ಮಾತ್ರ ಬಿಡಬ್ಯಾಡ," ಅಂದಳು. ಆಮೇಲೆ ಅದೇ ಆಯಿ ನನ್ನ ಖಾಲಿ ಖೋಲಿಯ ಮುಂದೆ ಮಣೆ ಹಾಕಿಕೊಂಡು ಕೂತು, ಬಂದ ಬೀಗಿತಿಯರಿಗೆಲ್ಲ, "ಶ್! ಮಲಗ್ಯಾಳ" ಅಂತ ಬೆರಳು ತೋರಿಸಿದಳಂತೆ. ಒಂದು ಸಲ ಗೊರಕೆ ಕೇಳಿಸಿತು ಅಂತಲೂ ಒಬ್ಬರು ಹೇಳಿದರು. ಅದು ಆಯಿಯದೇ.

ನನ್ನನ್ನು ಕರೆದೊಯ್ಯುವ ಜವಾಬ್ದಾರಿ ಹುನಗುಂದದ ಸೋದರಮಾವನದು. ಯಾವ ಕೆಲಸಕ್ಕೂ ತಡವಾಗಿ ಬರುವ ಪ್ರಾಣಿ. ಬಸ್ಸು ಏಳೂವರೆಗೆ, ಅಪ್ಪ ಉಪಾಯ ಮಾಡಿ ಆರೂವರೆಗೆ ಅಂತ ಹೇಳಿದ್ದ. ಮಾಮಾನಿಗೆ ಭಾವನ ಉಪಾಯ ಗೊತ್ತಿತ್ತು. ಏಳೂ ಇಪ್ಪತ್ತೊಂಬತ್ತಕ್ಕೆ ತಲೆ ಬಾಚಿಕೊಳ್ಳುತ್ತ ಬಂದ. ನಾನು ಪುಸ್ತಕ, ಹಾಲ್ ಟಿಕೀಟು, ಅಡಕೊತ್ತು ಹಿಡಿದು ಓಡಿದೆ.

ಪರೀಕ್ಷೆಯ ಕೋಣೆಯಲ್ಲಿ ಒಂದು ಸಾಲು ಹೆಂಗಸರದು, ಇನ್ನೊಂದು ಗಂಡಸರದು. ಸೂಪರ್ವೈಜರರು ಚೀಟಿ ಹುಡುಕುತ್ತ ಬಂದು ನನ್ನ ಸೊಂಟದ ಉಬ್ಬು ನೋಡಿ ನಿಂತರು.

"ಅಲ್ಲೇನೈತಿ? ತಗೀರಿ."

"ಅಡಕೊತ್ತು ರೀ."

"ಪರೀಕ್ಷಾದಾಗ ಅಡಕೊತ್ತು ಯಾಕ?"

"ಮದುವಿ ಐತ್ರಿ."

"ಯಾವತ್ತು?"

"ಇವತ್ತರಿ."

ಅವರು ನನ್ನ ಹಳದಿ ಕೈಗಳನ್ನೂ, ಹಳದಿ ಅಂಟಿದ ಉತ್ತರಪತ್ರಿಕೆಯನ್ನೂ ನೋಡಿದರು. "ಏನ್ ಬಂದೈತಿ ಇವತ್ತ?" ಅಂತ ತಮಗೆ ತಾವೇ ಗೊಣಗಿದರು. "ಮೇಜಿನ ಮ್ಯಾಲ ಇಡ್ರಿ ಹೋಗ್ರಿ. ಅಲ್ಲಿ ಇನ್ನೊಂದೈತಿ, ಅದರ ಬಾಜೂಕ ಇಡ್ರಿ."

ಮೇಜಿನ ಮೇಲೆ ಒಂದು ಮೊಳದ ಚೂರಿ ಇತ್ತು, ತುದಿಗೆ ಲಿಂಬೆಹಣ್ಣು ಚುಚ್ಚಿದ್ದು. ಮದುಮಗ ಅಕ್ಕಿಕಾಳು ಬೀಳುವ ತನಕ ಕೈಯಲ್ಲಿ ಹಿಡಿದಿರಬೇಕಾದ ಚೂರಿ.

"ಅವರದೂ ಇವತ್ತ ಅಂತ. ಗೋಧೂಳಿಗೆ," ಅಂತ ಸೂಪರ್ವೈಜರರು ಗಂಡಸರ ಕಡೆಯ ಬೆಂಚಿನತ್ತ ಗದ್ದ ಎತ್ತಿದರು. "ಬಾದಾಮಿಯವರು."

ಒಂದೇ ದಿನ ಎಷ್ಟು ಗೋಧೂಳಿ ಮದುವೆಗಳಪ್ಪ ಅಂದುಕೊಂಡೆ ನಾನು. ಅಷ್ಟು ದಡ್ಡಿ. ನೋಡಲು ಬಂದ ದಿನ ನಾನು ತಲೆ ಎತ್ತಿರಲಿಲ್ಲ, ಹುಡುಗನ ಮುಖ ನೋಡಿದ್ದು ಇಷ್ಟೇ ಇಷ್ಟು. ಆದರೆ ಚಹಾದ ಬಸಿ ಹಿಡಿದು ನಿಂತಷ್ಟು ಹೊತ್ತೂ ಅವರ ಕಾಲು ನೋಡಿದ್ದೆ. ಹೊರಡುವಾಗ ಮೆಟ್ಟಿದ ಚಪ್ಪಲಿಯನ್ನೂ ನೋಡಿದ್ದೆ, ಎಡಗಾಲಿನದರ ಉಂಗುಟ ಕಿತ್ತು, ಅದನ್ನು ಕೆಂಪು ದಾರದಿಂದ ಹೊಲಿದಿತ್ತು. ಈಗ ಆ ಬೆಂಚಿನ ಕೆಳಗೆ ನೋಡಿದೆ. ಕೆಂಪು ದಾರ!

ಅಡಕೊತ್ತು ಕೈಜಾರಿ ಚೂರಿಯ ಮೇಲೆ ಠಣ್ ಅಂತ ಬಿತ್ತು. ಆ ಮನುಷ್ಯ ತಲೆ ಎತ್ತಿದರು. ನಾನು ಅರಿಷಿಣದ ಮುಖ, ಅವರೂ ಅರಿಷಿಣದ ಮುಖ. ಅವರ ಬಣ್ಣ ಇನ್ನೂ ಒಂದಿಷ್ಟು ಹಳದಿಗೆ ತಿರುಗಿದ್ದನ್ನು ನಾನು ಕಂಡೆ. ನಿಶ್ಚಯದ ದಿನ ಮಾವನವರು, "ಹುಡುಗಂದು ಟ್ರೇನಿಂಗ್ ಮುಗದೈತಿ" ಅಂದಿದ್ದರು. ಪಾಸಾಗೈತಿ ಅಂದಿರಲಿಲ್ಲ. ಒಂದೇ ಒಂದು ಪತ್ರಿಕೆ ಎರಡು ವರ್ಷದಿಂದ ಉಳಿದುಬಿಟ್ಟಿತ್ತಂತೆ. ಬೆಳಿಗ್ಗೆ ಸುರಗಿ ಮುಗಿಸಿ, ನಮಗಿಂತ ಮುಂಚಿನ ಬಸ್ಸಿಗೆ ಬಂದಿದ್ದರಂತೆ. ಹೊತ್ತು ಬದಲಿಸಿ ಅಂತ ಅವರ ಮನೆಯವರೂ ಅದೇ ಅಯ್ನೋರ ಕಡೆ ಹೋಗಿದ್ದರು, ಅಪ್ಪನಿಗಿಂತ ಒಂದು ದಿನ ಮೊದಲು.

ಪ್ರಶ್ನೆಪತ್ರಿಕೆ ಬಂತು. ಐದನೆಯ ಪ್ರಶ್ನೆ: 'ಉತ್ತಮ ವೇಳಾಪತ್ರಿಕೆಯನ್ನು ಸಿದ್ಧಪಡಿಸುವಾಗ ಮುಖ್ಯೋಪಾಧ್ಯಾಯರು ಗಮನಿಸಬೇಕಾದ ಅಂಶಗಳನ್ನು ವಿವರಿಸಿ.' ನಾನು ನಕ್ಕೇಬಿಟ್ಟೆ. ಸೂಪರ್ವೈಜರರು ಬೆದರಿ ನೋಡಿದರು. ಹುಟ್ಟಿದಾಗಿನಿಂದ ಅದರೊಳಗೇ ಬೆಳೆದವಳು ನಾನು, ಉಸಿರು ಬಿಡದೇ ಬರೆದೆ. ಕೊನೆಯ ಸಾಲು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ: ಎಷ್ಟೇ ಮುಂಚಿತವಾಗಿ ತಯಾರಿಸಿ, ಒಂದು ಖಾನೆ ಖಾಲಿ ಇಡಿ.

ಹೊರಗೆ ಬಂದಾಗ ಮಾಮಾ ಗೇಟಿನಲ್ಲಿ ನಿಂತು, ಲಿಂಬೆಹಣ್ಣಿನ ಚೂರಿ ಹಿಡಿದು ನಡೆದು ಬರುತ್ತಿದ್ದ ಮನುಷ್ಯನನ್ನು ದಿಟ್ಟಿಸುತ್ತಿದ್ದ. "ನೀವು ನಮ್ಮ ಅಳಿಯಂದಿರಲ್ಲೇನ್ರಿ?" ಅಂದ. ಓಡಲು ದಾರಿ ಇರಲಿಲ್ಲ. ಮೂವರೂ ಒಂದೇ ಬಸ್ಸು ಹತ್ತಿದೆವು, ನಾನು ಮುಂದೆ, ಅವರಿಬ್ಬರೂ ಹಿಂದೆ. ಅರ್ಧ ದಾರಿಯಲ್ಲಿ ಟಾಯರ್ ಪಂಕ್ಚರ್. ಎಲ್ಲರೂ ಇಳಿದು ಗಿಡದ ನೆರಳಿಗೆ ನಿಂತಾಗ, ಮಾಮಾ ಬೇಕೆಂದೇ ನೀರು ಕುಡಿಯಲು ದೂರ ಹೋದ. ಅವರು ಗಂಟಲು ಸರಿಮಾಡಿಕೊಂಡರು. ನನ್ನ ಗಂಡ ನನ್ನೊಡನೆ ಆಡಿದ ಮೊಟ್ಟಮೊದಲ ಮಾತು ಕೇಳಿ:

"ಐದನೇದಕ್ಕ ಏನ್ ಬರದ್ರಿ?"

ಎರಡಕ್ಕೆ ಊರಲ್ಲಿ ಇರಬೇಕಾದವರು ಎರಡೂವರೆ ದಾಟಿದರೂ ಅಲ್ಲೇ ಇದ್ದೆವು. ಊರಲ್ಲಿ ಏನಾಗಿರಬಹುದು ಅಂತ ನಾನು ಒಂದೊಂದೇ ಲೆಕ್ಕ ಹಾಕಿದೆ. ಎರಡಕ್ಕೆ ಅಪ್ಪ ಬಿಡುವು ಮುಗಿದ ಗಂಟೆ ಹೊಡೆಯುತ್ತಾನೆ. ಗಂಟೆ ಆದ ಕೂಡಲೇ ಬೀಗಿತಿಯರು ಮದುಮಗಳನ್ನು ಸಿಂಗರಿಸಲು ಬರುತ್ತಾರೆ. ಆಯಿ ಎಷ್ಟಂತ ಬಾಗಿಲು ಕಾದಾಳು? ಖಾಲಿ ಖೋಲಿ ಕಂಡಮೇಲೆ ಮುಗಿಯಿತು. ಅಪ್ಪನ ಗಂಟೆ ತಡವಾಗಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಮಂದಿ ಆ ಗಂಟೆಗೆ ತಮ್ಮ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದರು.

ಬಸ್ಸು ಸಾಲೆಯ ಮುಂದೆ ನಿಂತಾಗ ಮೂರೂ ಇಪ್ಪತ್ತು. ಬೇವಿನ ಗಿಡದ ಕೆಳಗೆ ಅಪ್ಪ ನಿಂತಿದ್ದ. ಕೈಯಲ್ಲಿ ಸುತ್ತಿಗೆ ಇತ್ತು, ಗಂಟೆ ಹೊಡೆದಿರಲಿಲ್ಲ. ಪಕ್ಕದಲ್ಲಿ ಮಾವನವರು. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ರಸ್ತೆ ನೋಡುತ್ತ ಒಂದೂವರೆ ತಾಸು ಮಳೆ ಬೆಳೆ ಮಾತಾಡಿದ್ದರಂತೆ. "ಎರಡಾತಲ್ರಿ ಮಾಸ್ತರ?" ಅಂತ ಯಾರೋ ಕೇಳಿದರೆ ಅಪ್ಪ, "ಇನ್ನೂ ಆಗಿಲ್ಲ" ಅಂದನಂತೆ. ಆ ಊರಲ್ಲಿ ಮಾಸ್ತರು ಆಗಿಲ್ಲ ಅಂದರೆ ಆಗಿಲ್ಲ.

ಮುಂದಿನ ಬಾಗಿಲಿಂದ ನಾನು ಇಳಿದೆ, ಹಿಂದಿನ ಬಾಗಿಲಿಂದ ಚೂರಿ ಹಿಡಿದು ಮದುಮಗ ಇಳಿದರು. ಇಬ್ಬರು ತಂದೆಯರೂ ನಮ್ಮನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಬ್ಯಾಂಡಿನವನು ಏನು ತಿಳಿದನೋ, ಒಂದು ಸಲ ಡೋಲು ಬಡಿದು ಸುಮ್ಮನಾದ.

ಅಪ್ಪ ನನ್ನ ಹತ್ತಿರ ಬಂದ. ತಡ ಯಾಕಾಯಿತು ಅಂತ ಕೇಳಲಿಲ್ಲ. ಬೀಗರೆದುರಿಗೇ, ಸಣ್ಣ ದನಿಯಲ್ಲಿ ಕೇಳಿದ:

"ಎಲ್ಲಾ ಪ್ರಶ್ನಿ ಬರದಿಯೇನವಾ?"

"ಎಲ್ಲಾ ಬರದೇನಿ, ಅಪ್ಪಾ."

ಮಾವನವರು ಕೆಮ್ಮಿದರು. "ನೀನು?" ಅಂದರು ಮಗನಿಗೆ.

"ಐದನೇದೊಂದು ಬಿಟ್ಟೇನ್ರಿ."

ಅಪ್ಪನಿಗೆ ಸುಮ್ಮನಿರಲಾಗಲಿಲ್ಲ. "ಐದನೇದು ಏನಿತ್ತು?"

"ವೇಳಾಪತ್ರಿಕಿದ್ರಿ, ಮಾಮಾರ," ಅಂದರು ಇವರು, ಚೂರಿಯ ತುದಿಯ ಲಿಂಬೆಹಣ್ಣು ನೋಡುತ್ತ.

ಮೊದಲು ನಕ್ಕವರು ನಮ್ಮ ಅತ್ತೆ. ಅವರು ನಕ್ಕ ಮೇಲೆ ಎಲ್ಲರಿಗೂ ನಗಲು ಪರವಾನಗಿ ಸಿಕ್ಕಿತು. ಅಪ್ಪ ನಗಲಿಲ್ಲ. ಬೇವಿನ ಗಿಡದ ಕಡೆ ತಿರುಗಿ, ಮುಖ ಯಾರಿಗೂ ಕಾಣದ ಹಾಗೆ ನಿಂತು, ಗಂಟೆ ಹೊಡೆದ. ಯಾವತ್ತೂ ಇಲ್ಲದಷ್ಟು ಹೊತ್ತು ಹೊಡೆದ. ದನಗಳು ಊರ ಮುಂದೆ ಬರುವ ಹೊತ್ತಿಗೆ ನಮ್ಮ ತಲೆಯ ಮೇಲೆ ಅಕ್ಕಿಕಾಳು ಬಿತ್ತು.

ನಾನು ಪಾಸಾದೆ. ಇವರೂ ಪಾಸಾದರು, ಹೇಗೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಇಬ್ಬರೂ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಾಸ್ತರಿಕೆ ಮಾಡಿದೆವು. ಹುಡುಗರು ನನ್ನನ್ನು 'ಬಾಯಾರ' ಅಂದರು, ಮನಸ್ಸು ತುಂಬುವಷ್ಟು ಸಲ ಅಂದರು. ಇವರು ಮಾತ್ರ ಐದನೇ ಪ್ರಶ್ನೆಯನ್ನು ಈಗಲೂ ಬಿಟ್ಟೇ ಇದ್ದಾರೆ. ನಮ್ಮ ಮನೆಯಲ್ಲಿ ಊಟ ಆಗುವುದು ಇವರ ಪೇಪರ್ ಓದಿ ಮುಗಿದ ಮೇಲೆ.

ಅಪ್ಪ ಹೋಗಿ ಬಹಳ ವರ್ಷಗಳಾದವು. ಆ ದಿನದ ಬಗ್ಗೆ ಅವನು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಕಂದು ಪಟ್ಟಿ ನೆನೆದಿದೆ. ನಿಧಾನ ಎಳೆಯುತ್ತಿದ್ದೇನೆ. ತಡದ ಕಾಲಂ ತುಂಬ ಕೆಂಪು ಪೆನ್ಸಿಲಿನಲ್ಲಿ ಅವನ ಲೆಕ್ಕ. ಸುರಗಿ: ನಾಲ್ಕು ನಿಮಿಷ ತಡ, ನೀರು ಕಾದಿರಲಿಲ್ಲ. ನಾಷ್ಟಾ: ಹನ್ನೊಂದು ನಿಮಿಷ, ಉಪ್ಪಿಟ್ಟಿಗೆ ತಾಯಿಯವರು ಉಪ್ಪು ಮರೆತರು. ಅಕ್ಕಿಕಾಳು: ಎರಡು ನಿಮಿಷ, ಬೀಗಿತಿ ಸೀನಿದ್ದರಿಂದ. ಯಾರಿಗೂ ಮಾಫಿ ಇಲ್ಲ, ಸ್ವಂತ ತಾಯಿಗೂ ಇಲ್ಲ. ಪಟ್ಟಿ ಪೂರ್ತಿ ಬಂತು. 'ಮದುಮಕ್ಕಳ ಬಿಡುವು, 7-30 ರಿಂದ 2-00.' ಅದರ ಮುಂದೆ, ಅದೇ ಕೆಂಪು ಪೆನ್ಸಿಲಿನಲ್ಲಿ, ಒತ್ತಿ ಬರೆದ ಅಕ್ಷರ:

ತಡ, ಇಲ್ಲ.